ಓದುಗರ ಪ್ರಶ್ನೆ, ನಮ್ಮ ಉತ್ತರ: ಡರ್ಬಿಯ ಸ್ಟೀವ್ ಬ್ಲೂಮರ್

ಕಾಲ್ಚೆಂಡಾಟದ ಆರಂಭದ ದಶಕಗಳಲ್ಲಿ ರಾಶಿ ರಾಶಿ ಗೋಲು ಹೊಡೆದವರು ಯಾರು ಎಂಬ ಪ್ರಶ್ನೆಗೆ ಹಿಂದಿನ ಸಂಚಿಕೆಯಲ್ಲಿ ಉತ್ತರಿಸುವಾಗ ಇಂಗ್ಲೆಂಡಿನ ಸ್ಟೀವ್ ಬ್ಲೂಮರ್ ಅವರ ಹೆಸರನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಲಾಗಿತ್ತು. ಅದನ್ನು ಓದಿ ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಹಲವು ಓದುಗರು ಅವರ ಬಗ್ಗೆ ಇನ್ನಷ್ಟು ತಿಳಿಸಬೇಕೆಂದು ಬರೆದಿದ್ದಾರೆ. ಬಂದ ಪತ್ರಗಳಲ್ಲಿ ಒಂದೇ ಬಗೆಯವುಗಳನ್ನು ಒಟ್ಟುಗೂಡಿಸಿ, ಈ ಸಲದ ಅಂಕಣವನ್ನು ಬ್ಲೂಮರ್ ಅವರಿಗೇ ಮೀಸಲಿಡಲಾಗಿದೆ.

ಪ್ರಶ್ನೆ: ಬ್ಲೂಮರ್ ಯಾರು? ಎಲ್ಲಿಯವರು? ಅವರ ಹೆಸರನ್ನು ನಾನು ಎಲ್ಲಿಯೂ ಕೇಳಿರಲಿಲ್ಲ.
ನಿವೃತ್ತ ಅಧ್ಯಾಪಕಿ, ಸರಸ್ವತೀಪುರಂ, ಮೈಸೂರು

ಉತ್ತರ: ಸ್ಟೀವ್ ಬ್ಲೂಮರ್ ಹುಟ್ಟಿದ್ದು 1874ರ ಜನವರಿ 20ರಂದು, ಇಂಗ್ಲೆಂಡಿನ ನಡುನಾಡಿನ ಕ್ರ್ಯಾಡ್ಲಿ ಎಂಬ ಊರಿನಲ್ಲಿ. ಅದು ಮೊಳೆ ಮತ್ತು ಸರಪಳಿ ಮಾಡುವ ಕುಲುಮೆಗಳ ಸೀಮೆ. ತಂದೆ ಕೇಲಬ್ ಕಬ್ಬಿಣದ ಕೆಲಸಗಾರರಾಗಿದ್ದರು. ಮಗ ಇನ್ನೂ ಚಿಕ್ಕವನಿದ್ದಾಗಲೇ ಸಂಸಾರವು ಕೆಲಸ ಹುಡುಕಿಕೊಂಡು ಡರ್ಬಿ ಪಟ್ಟಣಕ್ಕೆ ಬಂದು ನೆಲೆಸಿತು. ರೈಲ್ವೆ ಕಾರ್ಯಾಗಾರಗಳಿಂದಲೂ ಎರಕದ ಕಾರ್ಖಾನೆಗಳಿಂದಲೂ ಬೆಳೆದಿದ್ದ ಆ ಪಟ್ಟಣದಲ್ಲಿ ಶಾಲೆಯ ತಂಡ, ಬಡಾವಣೆಯ ತಂಡ ಎಂದು ಆಡುತ್ತಾ ಬೆಳೆದ ಹುಡುಗ, ತಂದೆಯ ಹಾದಿಯಲ್ಲಿಯೇ ಕುಲುಮೆಯ ಕೆಲಸಕ್ಕೂ ಸೇರಿದ್ದರು. ನಮ್ಮ ಕೋಲಾರದ ಚಿನ್ನದ ಗಣಿಗಳ ಕಾರ್ಮಿಕ ವಸಾಹತುಗಳಲ್ಲಿ ಫುಟ್‌ಬಾಲ್ ಹೇಗೆ ಬೇರೂರಿತೋ ಅಲ್ಲಿಯೂ ಹಾಗೆಯೇ ವಾರವಿಡೀ ದುಡಿದ ಜನರಿಗೆ ಶನಿವಾರ ಮಧ್ಯಾಹ್ನ ಸಿಗುವ ಬಿಡುವೇ ಈ ಆಟದ ನೆಲೆಯಾಗಿತ್ತು.

1892ರಲ್ಲಿ, ಹದಿನೆಂಟರ ಹರೆಯದಲ್ಲಿ, ಅವರು ಡರ್ಬಿ ಕೌಂಟಿ ಕ್ಲಬ್ಬಿಗೆ ಸೇರಿದರು. ಆಗ ಗೊತ್ತಾದ ಸಂಬಳ ವಾರಕ್ಕೆ 7 ಶಿಲ್ಲಿಂಗ್ 6 ಪೆನ್ಸ್. ಅದೇ ವರ್ಷದ ಸೆಪ್ಟೆಂಬರ್ 3ರಂದು ಸ್ಟೋಕ್ ತಂಡದ ವಿರುದ್ಧ ಮೊದಲ ಪಂದ್ಯವಾಡಿದರು. ಅದೇ ತಿಂಗಳು ವೆಸ್ಟ್ ಬ್ರಾಮ್ವಿಚ್ ವಿರುದ್ಧ ಪೆನಾಲ್ಟಿಯಿಂದ ತಮ್ಮ ಮೊದಲ ಲೀಗ್ ಗೋಲನ್ನು ಗಳಿಸಿದರು. ಜಗತ್ತಿನ ಮೊದಲ ಫುಟ್‌ಬಾಲ್ ಲೀಗ್ ಇಂಗ್ಲೆಂಡಿನಲ್ಲಿ ಆರಂಭವಾದದ್ದು 1888ರಲ್ಲಿ. ಬ್ಲೂಮರ್ ಬರುವ ಹೊತ್ತಿಗೆ ಅದಕ್ಕೆ ನಾಲ್ಕೇ ವರ್ಷ ವಯಸ್ಸು.

ಮುಂದೆ ನಡೆದದ್ದನ್ನು ಅಂಕಿಗಳಲ್ಲಿ ಹೇಳುವುದಾದರೆ, 1892ರಿಂದ 1906ರವರೆಗೆ ಮತ್ತು ಪುನಃ 1910ರಿಂದ 1914ರವರೆಗೆ ಡರ್ಬಿ ಪರವಾಗಿ ಎಲ್ಲ ಸ್ಪರ್ಧೆಗಳೂ ಸೇರಿ 525 ಪಂದ್ಯಗಳಲ್ಲಿ 332 ಗೋಲು. ನಡುವೆ ಮಿಡ್ಲ್ಸ್‌ಬರೊ ಕ್ಲಬ್ಬಿನಲ್ಲಿದ್ದ ನಾಲ್ಕು ವರ್ಷಗಳಲ್ಲಿ ಲೀಗ್‌ನಲ್ಲಿಯೇ 59 ಗೋಲು. ಎರಡೂ ಕ್ಲಬ್ಬುಗಳ ಲೀಗ್ ಪಂದ್ಯಗಳನ್ನಷ್ಟೇ ಕೂಡಿದರೆ 352 ಗೋಲು. ಇಂಗ್ಲೆಂಡ್ ಪರವಾಗಿ 23 ಪಂದ್ಯಗಳಲ್ಲಿ 28 ಗೋಲು. ಐದು ಋತುಗಳಲ್ಲಿ ಅವರು ಇಂಗ್ಲೆಂಡಿನ ಮೊದಲ ವಿಭಾಗದ ಅತಿ ಹೆಚ್ಚು ಗೋಲುಗಳ ಆಟಗಾರರಾಗಿದ್ದರು. ಅಂಕಿಗಳನ್ನು ಇಲ್ಲಿ ಒಮ್ಮೆಲೇ ಹೇಳಿಬಿಡಲು ಕಾರಣವಿದೆ: ಅವುಗಳನ್ನು ಯಾವ ಕಾಲದ ಯಾವ ನಿಯಮಗಳ ನಡುವೆ ಗಳಿಸಿದರು ಎಂಬುದನ್ನು ತಿಳಿಯದೆ ಅವುಗಳ ಬೆಲೆ ಕಟ್ಟಲಾಗದು ಎಂಬುದೇ ಮುಂದಿನ ಉತ್ತರಗಳ ಉದ್ದಕ್ಕೂ ನಾನು ಹೇಳಬೇಕೆಂದಿರುವ ಮಾತು.

ಪ್ರಶ್ನೆ: ಆ ಕಾಲದಲ್ಲಿ ಗೋಲು ಹೊಡೆಯುವುದು ಸುಲಭವಾಗಿತ್ತು, ರಕ್ಷಣೆಯ ಆಟಗಾರರು ಇಬ್ಬರೇ ಇರುತ್ತಿದ್ದರು, ಆದ್ದರಿಂದ ಹಳಬರ ದಾಖಲೆಗಳಿಗೆ ಅರ್ಥವಿಲ್ಲ ಎಂದು ನನ್ನ ಗೆಳೆಯರು ವಾದಿಸುತ್ತಾರೆ. ನಿಮ್ಮ ಅಭಿಪ್ರಾಯವೇನು?
ಇಂಜಿನಿಯರಿಂಗ್ ವಿದ್ಯಾರ್ಥಿ, ವಿಜಯನಗರ, ಮೈಸೂರು

ಉತ್ತರ: ನಿಮ್ಮ ಗೆಳೆಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಆಗಿನ ತಂಡಗಳು ರಕ್ಷಣೆಗೆ ಇಬ್ಬರು ಬ್ಯಾಕ್, ನಡುವೆ ಮೂವರು ಹಾಫ್‌ಬ್ಯಾಕ್, ದಾಳಿಗೆ ಐವರು ಫಾರ್ವರ್ಡ್ ಎಂಬ ವ್ಯೂಹದಲ್ಲಿ ಆಡುತ್ತಿದ್ದವು. ಬ್ಲೂಮರ್ ಆ ಐವರಲ್ಲಿ ಇನ್‌ಸೈಡ್ ರೈಟ್, ಅಂದರೆ ನಡುವಿನ ಫಾರ್ವರ್ಡ್ ಮತ್ತು ಬಲಬದಿಯ ವಿಂಗ್ ಆಟಗಾರನ ಮಧ್ಯೆ ನಿಲ್ಲುವವರು. ಗೋಲ್‌ಕೀಪರನನ್ನು ಭುಜದಿಂದ ನೂಕುವುದಕ್ಕೆ ಅವಕಾಶವಿತ್ತು. ಇವೆಲ್ಲ ದಾಳಿ ಮಾಡುವವರಿಗೆ ಅನುಕೂಲವಾಗಿದ್ದ ಸಂಗತಿಗಳು.

ಆದರೆ ಆಗಿನ ಆಫ್‌ಸೈಡ್ ನಿಯಮವನ್ನು, ಅಂದರೆ ದಾಳಿಯ ಆಟಗಾರನು ಎದುರಾಳಿಗಳನ್ನು ದಾಟಿ ಮುಂದೆ ಹೋಗಿ ಚೆಂಡಿಗಾಗಿ ಕಾಯದಂತೆ ತಡೆಯುವ ನಿಯಮವನ್ನು, ನಿಮ್ಮ ಗೆಳೆಯರು ಗಮನಕ್ಕೆ ತೆಗೆದುಕೊಂಡಂತಿಲ್ಲ. ಈಗ ಸಹ ಆಟಗಾರನು ಚೆಂಡನ್ನು ಮುಂದಕ್ಕೆ ಕೊಡುವ ಕ್ಷಣದಲ್ಲಿ ಸ್ಟ್ರೈಕರ್ ಮತ್ತು ಗೋಲಿನ ಗೆರೆಯ ನಡುವೆ ಎದುರಾಳಿಗಳು ಇಬ್ಬರಿದ್ದರೆ ಸಾಕು. ಸಾಮಾನ್ಯವಾಗಿ ಅವರಲ್ಲೊಬ್ಬ ಗೋಲ್‌ಕೀಪರ್ ಆಗಿರುತ್ತಾನೆ. ಬ್ಲೂಮರ್ ಆಡುತ್ತಿದ್ದ ಕಾಲದಲ್ಲಿ ಮೂವರು ಇರಬೇಕಿತ್ತು. ಅಂದರೆ ಇಬ್ಬರು ಬ್ಯಾಕ್ ಆಟಗಾರರಲ್ಲಿ ಒಬ್ಬನು ಸ್ವಲ್ಪ ಮುಂದೆ ಬಂದು ನಿಂತನೆಂದರೆ ಸಾಕು, ಎದುರಿನ ಐವರು ಫಾರ್ವರ್ಡ್‌ಗಳೂ ಅವನಿಗಿಂತ ಹಿಂದೆಯೇ ಉಳಿಯಬೇಕಾಗುತ್ತಿತ್ತು. ಅದಕ್ಕಿಂತ ಕಠಿಣವಾದ ಇನ್ನೊಂದು ಅಂಶವೆಂದರೆ, 1907ರವರೆಗೆ ತನ್ನದೇ ಅರ್ಧದಲ್ಲಿ ನಿಂತ ಆಟಗಾರನೂ ಆಫ್‌ಸೈಡ್ ಆಗಬಹುದಿತ್ತು. ಗೋಲ್‌ಕೀಪರನ ವಿಚಾರವನ್ನೂ ಗಮನಿಸಿ: 1912ರವರೆಗೆ ಅವನು ಪೆನಾಲ್ಟಿ ಪ್ರದೇಶದಲ್ಲಷ್ಟೇ ಅಲ್ಲದೆ ತನ್ನ ಅರ್ಧ ಮೈದಾನದಲ್ಲೆಲ್ಲ ಚೆಂಡನ್ನು ಕೈಯಿಂದ ತಡೆಯಬಹುದಿತ್ತು.

ಈ ನಿಯಮ ಎಷ್ಟರ ಮಟ್ಟಿಗೆ ಗೋಲುಗಳನ್ನು ತಡೆದಿತ್ತು ಎಂಬುದಕ್ಕೆ ಸ್ಪಷ್ಟವಾದ ಲೆಕ್ಕವೇ ಇದೆ. 1925ರಲ್ಲಿ ಮೂವರ ನಿಯಮವನ್ನು ಇಬ್ಬರಿಗೆ ಇಳಿಸಿದರು. ಅದಕ್ಕೆ ಹಿಂದಿನ ಋತುವಿನಲ್ಲಿ ಇಂಗ್ಲಿಷ್ ಲೀಗ್‌ನ ಎಲ್ಲ ವಿಭಾಗಗಳೂ ಸೇರಿ 4,700 ಗೋಲುಗಳಾಗಿದ್ದರೆ, ಹೊಸ ನಿಯಮದ ಮೊದಲ ಋತುವಿನಲ್ಲಿ ಅದು 6,373ಕ್ಕೆ ಏರಿತು. ಎವರ್ಟನ್ನಿನ ಡಿಕ್ಸಿ ಡೀನ್ ಒಂದೇ ಋತುವಿನಲ್ಲಿ 60 ಲೀಗ್ ಗೋಲು ಹೊಡೆದ ಪ್ರಸಿದ್ಧ ದಾಖಲೆ 1927-28ರದು, ಎಂದರೆ ನಿಯಮ ಸಡಿಲಗೊಂಡ ಮೇಲಿನದು. ಡೀನ್ ಅವರ ಹಿರಿಮೆಯನ್ನು ಕುಗ್ಗಿಸಲು ಇದನ್ನು ಹೇಳುತ್ತಿಲ್ಲ. ಬ್ಲೂಮರ್ ಅವರ ಎಲ್ಲ ಗೋಲುಗಳೂ ಮೂವರ ನಿಯಮದ ಕೆಳಗೆ ಬಂದವು ಎಂಬುದನ್ನು ಮರೆಯಬಾರದು ಎಂದಷ್ಟೇ ನನ್ನ ಕೋರಿಕೆ.

ಮತ್ತೊಂದು ಮಾತು, ಪಂದ್ಯಗಳ ಸಂಖ್ಯೆಯದು. ಬ್ಲೂಮರ್ ಲೀಗ್‌ಗೆ ಬಂದಾಗ ಮೊದಲ ವಿಭಾಗದಲ್ಲಿ 16 ತಂಡಗಳಿದ್ದು ಒಂದು ಋತುವಿಗೆ 30 ಪಂದ್ಯಗಳಿರುತ್ತಿದ್ದವು. ಇಂಗ್ಲೆಂಡ್ ತಂಡಕ್ಕಂತೂ ವರ್ಷಕ್ಕೆ ಮೂರೇ ಪಂದ್ಯ: ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್. ಆದ್ದರಿಂದಲೇ 1895ರಿಂದ 1907ರವರೆಗೆ ಹನ್ನೆರಡು ವರ್ಷ ರಾಷ್ಟ್ರತಂಡದ ಆಯ್ಕೆಯಲ್ಲಿದ್ದರೂ ಅವರು ಆಡಿದ್ದು 23 ಪಂದ್ಯ. 1895ರ ಮಾರ್ಚ್‌ನಲ್ಲಿ ಡರ್ಬಿಯಲ್ಲಿಯೇ ಐರ್ಲೆಂಡ್ ವಿರುದ್ಧ ಮೊದಲ ಪಂದ್ಯವಾಡಿ ಎರಡು ಗೋಲು ಹೊಡೆದರು. ಅಲ್ಲಿಂದ ಮೊದಲ್ಗೊಂಡು ಸತತ ಹತ್ತು ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಒಂದರಲ್ಲಿಯೂ ಗೋಲಿಲ್ಲದೆ ಮರಳಲಿಲ್ಲ. ಆ ಹತ್ತು ಪಂದ್ಯಗಳ ಗೋಲುಗಳು 19. ಅವುಗಳಲ್ಲಿ ಐದು 1896ರ ಮಾರ್ಚ್ 16ರಂದು ಕಾರ್ಡಿಫ್‌ನಲ್ಲಿ ವೇಲ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ ಬಂದವು. ವರ್ಷಕ್ಕೆ ಹತ್ತಕ್ಕೂ ಹೆಚ್ಚು ಅಂತರರಾಷ್ಟ್ರೀಯ ಪಂದ್ಯಗಳಿರುವ ಈ ಕಾಲದ ಲೆಕ್ಕದೊಡನೆ ಇದನ್ನು ಇಟ್ಟು ನೋಡುವಾಗ ಒಟ್ಟು ಗೋಲುಗಳಿಗಿಂತ ಪ್ರತಿ ಪಂದ್ಯದ ಸರಾಸರಿಯನ್ನೇ ನೋಡುವುದು ನ್ಯಾಯ.

ಪ್ರಶ್ನೆ: ನಾನು ಪ್ರೌಢಶಾಲೆಯ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತೇನೆ. ಬ್ಲೂಮರ್ ಅವರ ಆಟದ ವಿಶೇಷವೇನು? ನೂರಿಪ್ಪತ್ತು ವರ್ಷಗಳ ಹಿಂದಿನ ಆಟಗಾರನಿಂದ ಈಗಿನ ಮಕ್ಕಳು ಕಲಿಯಬಹುದಾದದ್ದು ಇದೆಯೇ?
ದೈಹಿಕ ಶಿಕ್ಷಣ ಶಿಕ್ಷಕರು, ಮಂಡ್ಯ

ಉತ್ತರ: ಬಂದ ಪತ್ರಗಳಲ್ಲೆಲ್ಲ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ನಿಮ್ಮ ಪತ್ರ, ಮೇಷ್ಟ್ರೇ. ಬ್ಲೂಮರ್ ಎತ್ತರದ ಆಳಲ್ಲ, ದಪ್ಪ ಮೈಕಟ್ಟಿನವರೂ ಅಲ್ಲ. ಬಿಳಿಚಿದ ಮುಖದವರಾದ್ದರಿಂದ ಪ್ರೇಕ್ಷಕರು ಅವರನ್ನು ಬಿಳಿಚುಮುಖದವನೆಂದೇ ಕರೆಯುತ್ತಿದ್ದರು. ಹೊರನೋಟಕ್ಕೆ ಆಟಗಾರನಂತೆ ಕಾಣದ ಈ ಮನುಷ್ಯ ಎದುರಾಳಿಗಳಿಗೆ ಭಯ ಹುಟ್ಟಿಸಿದ್ದು ಮೂರು ಗುಣಗಳಿಂದ.

ಮೊದಲನೆಯದು, ಚೆಂಡು ಬಂದೊಡನೆ, ಅದನ್ನು ಕಾಲಿನಲ್ಲಿ ಹಿಡಿದು ಸರಿಪಡಿಸಿಕೊಳ್ಳುತ್ತಾ ಕೂರದೆ, ಬಂದ ವೇಗದಲ್ಲಿಯೇ ಗೋಲಿನತ್ತ ಹೊಡೆಯುವುದು. ಆ ಕಾಲದ ಇಂಗ್ಲಿಷ್ ಫಾರ್ವರ್ಡ್‌ಗಳಲ್ಲಿ ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಒಬ್ಬೊಬ್ಬರನ್ನಾಗಿ ದಾಟಿಕೊಂಡು ಹೋಗುವುದನ್ನೇ ಕಲೆಯೆಂದು ಭಾವಿಸುವವರು ಬಹಳ ಮಂದಿ ಇದ್ದರು. ಬ್ಲೂಮರ್ ಅದನ್ನು ಬಲ್ಲವರಾಗಿದ್ದರೂ ಗೋಲಿನ ಮುಂದೆ ಅದಕ್ಕೆ ಹೋಗುತ್ತಿರಲಿಲ್ಲ. ಗೋಲ್‌ಕೀಪರ್ ಕಾಲೂರಿ ಸಿದ್ಧನಾಗುವ ಮೊದಲೇ ಚೆಂಡು ಹೊರಟಿರುತ್ತಿತ್ತು. ಎರಡನೆಯದು, ಅವರ ಹೊಡೆತ ನೆಲ ಬಿಟ್ಟು ಮೇಲೇಳುತ್ತಿರಲಿಲ್ಲ; ಹುಲ್ಲಿನ ತುದಿಯನ್ನು ಸವರುತ್ತಾ ಕಂಬದ ಬುಡಕ್ಕೆ ಹೋಗುತ್ತಿತ್ತು. ಎತ್ತರದ ಗೋಲ್‌ಕೀಪರನಿಗೆ ಅತ್ಯಂತ ಕಷ್ಟದ ಜಾಗವೇ ಅದು. ಮೂರನೆಯದು, ಎರಡೂ ಕಾಲುಗಳಲ್ಲಿ ಒಂದೇ ಬಗೆಯ ಬಲ. ಎದುರಿನ ಬ್ಯಾಕ್ ಆಟಗಾರನಿಗೆ ಯಾವ ಬದಿಯನ್ನು ಮುಚ್ಚಬೇಕೆಂಬುದೇ ತಿಳಿಯುತ್ತಿರಲಿಲ್ಲ.

ಜಿ. ಆರ್. ವಿಶ್ವನಾಥ್ ಅವರ ಸ್ಕ್ವೇರ್ ಕಟ್ ಅನ್ನು ಕಂಡ ಹಿರಿಯರಿಗೆ ಇದನ್ನು ವಿವರಿಸುವುದು ಸುಲಭ: ಅಲ್ಲಿ ತೋಳಿನ ಬಲಕ್ಕಿಂತ ಚೆಂಡನ್ನು ಸಂಧಿಸುವ ಗಳಿಗೆ ಮುಖ್ಯವಾಗಿತ್ತು, ಇಲ್ಲಿ ತೊಡೆಯ ಬಲಕ್ಕಿಂತ. ಗಳಿಗೆಯನ್ನು ಕಲಿಸಬಹುದು ಎಂಬುದು ನನ್ನ ನಂಬಿಕೆ. ವಿಶ್ವೇಶ್ವರಯ್ಯ ಕ್ರೀಡಾಂಗಣದ ಒಂದು ಮೂಲೆಯಲ್ಲಿ ನಿಮ್ಮ ಮಕ್ಕಳನ್ನು ನಿಲ್ಲಿಸಿ, ಚೆಂಡನ್ನು ತಡೆದು ನಿಲ್ಲಿಸಲು ಅನುಮತಿ ಕೊಡದೆ, ಬದಿಯಿಂದ ಉರುಳಿ ಬರುವ ಚೆಂಡನ್ನು ಒಂದೇ ಸ್ಪರ್ಶದಲ್ಲಿ ಕಂಬದ ಬುಡಕ್ಕೆ ಹೊಡೆಯುವ ಅಭ್ಯಾಸ ಮಾಡಿಸಿ. ಬಲಗಾಲಿನವರಿಗೆ ಎಡಗಾಲಿನ ಸರದಿಯನ್ನು ಹೆಚ್ಚು ಕೊಡಿ. ಗಟ್ಟಿ ನೆಲದ ಮೇಲೆ ಚೆಂಡು ಪುಟಿಯುವುದು ಹೆಚ್ಚಾದ್ದರಿಂದ ದೇಹವನ್ನು ಚೆಂಡಿನ ಮೇಲೆ ಬಾಗಿಸುವುದನ್ನು ಮೊದಲೇ ರೂಢಿ ಮಾಡಿಸಬೇಕು, ಇಲ್ಲದಿದ್ದರೆ ಹೊಡೆತವೆಲ್ಲ ಅಡ್ಡಪಟ್ಟಿಯ ಮೇಲೆ ಹೋಗುತ್ತದೆ. ನಮ್ಮ ಶಾಲಾ ಪಂದ್ಯಗಳಲ್ಲಿ ಮಕ್ಕಳು ಗೋಲಿನ ಎದುರು ಬಂದು ಇನ್ನೊಂದು ಸ್ಪರ್ಶ, ಮತ್ತೊಂದು ಸ್ಪರ್ಶ ಎಂದು ಚೆಂಡನ್ನು ಕಳೆದುಕೊಳ್ಳುವುದನ್ನು ನೋಡಿದಾಗಲೆಲ್ಲ ಈ ಅಭ್ಯಾಸದ ಕೊರತೆ ಎದ್ದು ಕಾಣುತ್ತದೆ.

ಒಂದನ್ನು ಸೇರಿಸಬೇಕು. ಬ್ಲೂಮರ್ ತಾವಾಗಿಯೇ ಬೆಳೆದವರಲ್ಲ. ಡರ್ಬಿಯಲ್ಲಿ ಅವರಿಗೆ ಹಿರಿಯರಾಗಿ ಸಿಕ್ಕವರು ಜಾನ್ ಗುಡಾಲ್. ಲೀಗ್‌ನ ಮೊಟ್ಟಮೊದಲ ಋತುವಿನಲ್ಲಿ ಒಂದೂ ಪಂದ್ಯ ಸೋಲದೆ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದ ಪ್ರೆಸ್ಟನ್ ತಂಡದ ಮುಂಚೂಣಿಯಲ್ಲಿದ್ದ ಗುಡಾಲ್, 1889ರಲ್ಲಿ ಡರ್ಬಿಗೆ ಬಂದಿದ್ದರು. ಹೊಸ ಹುಡುಗನ ಪಕ್ಕದಲ್ಲಿ ನಿಂತು ಆಡುತ್ತಾ, ಯಾವಾಗ ಹೊಡೆಯಬೇಕು, ಯಾವಾಗ ಪಕ್ಕದವನಿಗೆ ಕೊಡಬೇಕು ಎಂಬ ವಿವೇಕವನ್ನು ಅವರು ತಿದ್ದಿದರು. ಬ್ಲೂಮರ್ ರಕ್ಷಣೆಯನ್ನು ಸೀಳಿ ಕೊಡುತ್ತಿದ್ದ ಉದ್ದನೆಯ ಪಾಸ್‌ಗಳು ಅವರ ಹೊಡೆತಗಳಷ್ಟೇ ಹೆಸರಾಗಿದ್ದವು. ಗೋಲುಗಳ ಲೆಕ್ಕ ಬರೆದಿಟ್ಟವರು ಆ ಪಾಸ್‌ಗಳ ಲೆಕ್ಕವನ್ನು ಬರೆದಿಡಲಿಲ್ಲವೆಂಬ ಕೊರಗು ನನ್ನದು.

ಪ್ರಶ್ನೆ: ಇಷ್ಟು ಗೋಲು ಹೊಡೆದವರು ಎಷ್ಟು ಪ್ರಶಸ್ತಿ ಗೆದ್ದರು?
ಓದುಗರು, ಶ್ರೀರಂಗಪಟ್ಟಣ

ಉತ್ತರ: ದೊಡ್ಡ ಪ್ರಶಸ್ತಿ ಒಂದೂ ಇಲ್ಲ. 1895-96ರಲ್ಲಿ ಡರ್ಬಿ ಲೀಗ್‌ನಲ್ಲಿ ಎರಡನೆಯ ಸ್ಥಾನಕ್ಕೆ ಬಂದು ನಿಂತಿತು. ಸೋತವರು ಹೊರಬೀಳುವ ದೇಶಮಟ್ಟದ ಸ್ಪರ್ಧೆಯಾದ ಎಫ್‌ಎ ಕಪ್‌ನಲ್ಲಿ ಆರು ವರ್ಷಗಳೊಳಗೆ ಮೂರು ಸಲ ಫೈನಲ್ ತಲುಪಿ ಮೂರನ್ನೂ ಸೋತಿತು. 1898ರ ಏಪ್ರಿಲ್ 16ರಂದು ನಾಟಿಂಗ್‌ಹ್ಯಾಮ್ ಫಾರೆಸ್ಟ್ ವಿರುದ್ಧ 3-1ರಿಂದ ಸೋತಾಗ ಡರ್ಬಿಯ ಏಕೈಕ ಗೋಲು ಬ್ಲೂಮರ್ ಅವರದು. ಮರುವರ್ಷ ಶೆಫೀಲ್ಡ್ ಯುನೈಟೆಡ್ ವಿರುದ್ಧ 4-1ರ ಸೋಲು. 1903ರಲ್ಲಿ ಬರಿ ತಂಡದ ವಿರುದ್ಧ 6-0ಯಿಂದ ಸೋತ ಫೈನಲ್‌ನಲ್ಲಿ ಗಾಯದಿಂದಾಗಿ ಬ್ಲೂಮರ್ ಆಡಲೇ ಇಲ್ಲ. ಅವರಿಲ್ಲದ ಡರ್ಬಿ ಏನಾಗಿತ್ತೆಂಬುದನ್ನು ಆ ಅಂಕವೇ ಹೇಳುತ್ತದೆ. ಡರ್ಬಿಯ ಮೈದಾನದಿಂದ ಹೊರಹಾಕಲ್ಪಟ್ಟ ಅಲೆಮಾರಿ ಜನರು ಕೊಟ್ಟ ಶಾಪವೇ ಈ ಸೋಲುಗಳಿಗೆ ಕಾರಣವೆಂದು ಆ ಊರಿನವರು ಬಹುಕಾಲ ಹೇಳಿಕೊಳ್ಳುತ್ತಿದ್ದರಂತೆ. ಡರ್ಬಿಗೆ ಕಪ್ ಒಲಿದದ್ದು 1946ರಲ್ಲಿ. ಬ್ಲೂಮರ್ ಅವರ ಪಾಲಿಗೆ ಲೀಗ್‌ನಲ್ಲಿ ಬಂದ ಗೆಲುವೆಂದರೆ 1911-12ರ ಎರಡನೆಯ ವಿಭಾಗದ ಅಗ್ರಸ್ಥಾನ. ಆಗ ಅವರು ತಂಡದ ನಾಯಕರು, ವಯಸ್ಸು 38.

ಒಂಟಿಯಾಗಿ ಒಬ್ಬನು ತಂಡವನ್ನು ಎಲ್ಲಿಯವರೆಗೆ ಎಳೆಯಬಹುದು ಎಂಬುದಕ್ಕೆ 1899ರ ಜನವರಿಯಲ್ಲಿ ಶೆಫೀಲ್ಡ್‌ನ ವೆಡ್ನೆಸ್‌ಡೇ ತಂಡವನ್ನು ಡರ್ಬಿ 9-0ಯಿಂದ ಸೋಲಿಸಿದ ಪಂದ್ಯ ಸಾಕ್ಷಿ. ಆ ಒಂಬತ್ತರಲ್ಲಿ ಆರು ಗೋಲುಗಳು ಬ್ಲೂಮರ್ ಅವರವೇ ಆಗಿದ್ದವು. ಆದರೆ ಪ್ರಶಸ್ತಿಗೆ ಹನ್ನೊಂದು ಮಂದಿಯೂ ಬೇಕು, ವರ್ಷವಿಡೀ ಬೇಕು. ಪದಕದ ಪೆಟ್ಟಿಗೆಯನ್ನು ನೋಡಿ ಆಟಗಾರನನ್ನು ಅಳೆಯುವವರು ಈ ಒಬ್ಬರ ವಿಷಯದಲ್ಲಿಯಾದರೂ ತಮ್ಮ ಅಳತೆಗೋಲನ್ನು ಬದಿಗಿಡಬೇಕೆಂದು ನಾನು ಬಯಸುತ್ತೇನೆ.

ಪ್ರಶ್ನೆ: ಊರಿನ ಮನೆಮಾತಾಗಿದ್ದ ಆಟಗಾರನನ್ನು ಡರ್ಬಿ ಕ್ಲಬ್ ಮಾರಿದ್ದೇಕೆ? ಅವರಿಗೆ ಹಣವಾದರೂ ಸಿಕ್ಕಿತೇ?
ಸಕ್ಕರೆ ಕಾರ್ಖಾನೆಯ ನಿವೃತ್ತ ನೌಕರರು, ಮಂಡ್ಯ

ಉತ್ತರ: ಕಾರಣ ಹಣದ ಮುಗ್ಗಟ್ಟು. 1906ರ ಮಾರ್ಚ್‌ನಲ್ಲಿ 750 ಪೌಂಡಿಗೆ ಅವರನ್ನು ಮಿಡ್ಲ್ಸ್‌ಬರೊ ಕ್ಲಬ್ಬಿಗೆ ಕೊಡಲಾಯಿತು. ಅದಕ್ಕೆ ಒಂದು ವರ್ಷ ಹಿಂದೆ ಆಲ್ಫ್ ಕಾಮನ್ ಎಂಬ ಆಟಗಾರನಿಗೆ 1,000 ಪೌಂಡ್ ತೆತ್ತು ದೇಶವನ್ನೇ ಬೆರಗುಗೊಳಿಸಿದ್ದ ಕ್ಲಬ್ ಅದು. ಡರ್ಬಿಯ ಜನ ಬಹಳ ನೊಂದರು. ಮುಂದಿನ ವರ್ಷವೇ ತಂಡವು ಎರಡನೆಯ ವಿಭಾಗಕ್ಕೆ ಇಳಿಯಿತು.

ಆಟಗಾರನ ಕೈಗೆ ಬಂದದ್ದು ಬಹಳ ಕಡಿಮೆ. 1901ರಿಂದ ಇಂಗ್ಲೆಂಡಿನಲ್ಲಿ ಯಾವ ಆಟಗಾರನಿಗೂ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಸಂಬಳ ಕೊಡುವಂತಿರಲಿಲ್ಲ. ನೂರಾರು ಗೋಲು ಹೊಡೆದವನಿಗೂ ನಿನ್ನೆ ಬಂದವನಿಗೂ ಮೇಲ್ಮಿತಿ ಒಂದೇ. ಒಪ್ಪಂದ ಮುಗಿದರೂ ಹಳೆಯ ಕ್ಲಬ್ ಬಿಡದೆ ಬೇರೆ ಕಡೆ ಆಡುವ ಹಕ್ಕು ಆಟಗಾರನಿಗಿರಲಿಲ್ಲ. ವರ್ಗಾವಣೆಯ ಹಣವು ಕ್ಲಬ್ಬಿಗೆ ಸೇರುತ್ತಿತ್ತು. ಬ್ಲೂಮರ್ ತಮ್ಮ ಹೆಸರಿನ ಬೂಟುಗಳ ಜಾಹೀರಾತಿನಲ್ಲಿ ಕಾಣಿಸಿಕೊಂಡು ಒಂದಿಷ್ಟು ಗಳಿಸಿದರು, ಆಗಿನ ಕಾಲಕ್ಕೆ ಅದೂ ಹೊಸದೇ. ಸಂಬಳದ ಮಿತಿಯನ್ನು ಇಂಗ್ಲೆಂಡ್ ತೆಗೆದುಹಾಕಿದ್ದು 1961ರಲ್ಲಿ. ದುಡಿಮೆಗಾರನ ದುಡಿಮೆಯಿಂದ ಮೈದಾನ ತುಂಬಿಸಿಕೊಂಡು ಅವನಿಗೆ ಮಿತಿ ಹಾಕಿದ ಈ ವ್ಯವಸ್ಥೆಯನ್ನು ಅನ್ಯಾಯವೆಂದೇ ಕರೆಯಬೇಕು.

1910ರಲ್ಲಿ ಅವರು ಡರ್ಬಿಗೆ ಮರಳಿದರು. ಕೊನೆಯ ಲೀಗ್ ಪಂದ್ಯವನ್ನು 1914ರ ಜನವರಿ 31ರಂದು ಬರ್ನ್‌ಲಿ ವಿರುದ್ಧ ಆಡಿದಾಗ ನಲವತ್ತು ತುಂಬಿ ಹನ್ನೊಂದು ದಿನಗಳಾಗಿದ್ದವು. ಆ ದಿನಗಳಲ್ಲಿ ಇತ್ತ ನಮ್ಮ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ನಡೆದಿತ್ತು, ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದರು ಎಂದರೆ ಎಷ್ಟು ಹಳೆಯ ಕಾಲವೆಂಬುದು ನಮ್ಮ ಓದುಗರಿಗೆ ಅಂದಾಜಾಗಬಹುದು.

ಪ್ರಶ್ನೆ: ಅವರು ಮೊದಲ ಮಹಾಯುದ್ಧದಲ್ಲಿ ಜರ್ಮನಿಯಲ್ಲಿ ಸೆರೆಯಾಗಿದ್ದರೆಂದು ಎಲ್ಲೋ ಓದಿದ ನೆನಪು. ಅವರು ಸೈನಿಕರಾಗಿದ್ದರೇ?
ಇತಿಹಾಸದ ಸ್ನಾತಕೋತ್ತರ ವಿದ್ಯಾರ್ಥಿನಿ, ಮಾನಸಗಂಗೋತ್ರಿ, ಮೈಸೂರು

ಉತ್ತರ: ಸೆರೆಯಾಗಿದ್ದುದು ನಿಜ, ಸೈನಿಕರಾಗಿರಲಿಲ್ಲ. ಆಟದಿಂದ ನಿವೃತ್ತರಾದ ಬ್ಲೂಮರ್ ತರಬೇತುದಾರರಾಗಿ ಬರ್ಲಿನ್ನಿನ ಬ್ರಿಟಾನಿಯಾ ಎಂಬ ಕ್ಲಬ್ಬಿಗೆ 1914ರ ಜುಲೈನಲ್ಲಿ ಹೋದರು. ಕೆಲವೇ ವಾರಗಳಲ್ಲಿ, ಆಗಸ್ಟ್ 4ರಂದು, ಬ್ರಿಟನ್ ಮತ್ತು ಜರ್ಮನಿಯ ನಡುವೆ ಯುದ್ಧ ಆರಂಭವಾಯಿತು. ನವೆಂಬರ್‌ನಲ್ಲಿ ಜರ್ಮನಿಯಲ್ಲಿದ್ದ ಬ್ರಿಟಿಷ್ ಗಂಡಸರನ್ನೆಲ್ಲ ಹಿಡಿದು ಬರ್ಲಿನ್ನಿನ ಹೊರವಲಯದ ರೂಲೇಬೆನ್ ಕುದುರೆ ರೇಸಿನ ಮೈದಾನದಲ್ಲಿ ಕೂಡಿಹಾಕಿದರು. ಅವರಿಗೆ ವಾಸಕ್ಕೆ ಸಿಕ್ಕದ್ದು ಕುದುರೆ ಲಾಯಗಳು. ಒಂದು ಕುದುರೆ ನಿಲ್ಲುವ ಜಾಗದಲ್ಲಿ ಆರು ಜನ. ಹಡಗಿನ ಕೆಲಸಗಾರರು, ಸಂಗೀತಗಾರರು, ಜಾಕಿಗಳು, ವ್ಯಾಪಾರಿಗಳು, ವಿದ್ಯಾರ್ಥಿಗಳು ಎಂದು 4,000ಕ್ಕೂ ಹೆಚ್ಚು ಜನ ಅಲ್ಲಿದ್ದರು. ನಂತರ ನ್ಯೂಟ್ರಾನನ್ನು ಕಂಡುಹಿಡಿದು ನೊಬೆಲ್ ಪ್ರಶಸ್ತಿ ಪಡೆದ ಜೇಮ್ಸ್ ಚಾಡ್ವಿಕ್ ಕೂಡ ಅದೇ ಲಾಯಗಳಲ್ಲಿ ಸೆರೆಯಾಗಿದ್ದ ಯುವಕ.

ಬ್ಲೂಮರ್ ಒಬ್ಬರೇ ಅಲ್ಲ, ತರಬೇತುದಾರರಾಗಿ ಜರ್ಮನಿಗೆ ಹೋಗಿದ್ದ ಹಲವು ಹಳೆಯ ಆಟಗಾರರೂ ಅಲ್ಲಿ ಸೇರಿದ್ದರು: ಟಾಟನ್‌ಹ್ಯಾಮ್‌ನ ಜಾನ್ ಕ್ಯಾಮರೂನ್, ಇಂಗ್ಲೆಂಡ್ ಪರ ಆಡಿದ್ದ ಫ್ರೆಡ್ ಪೆಂಟ್‌ಲ್ಯಾಂಡ್ ಮತ್ತು ಸ್ಯಾಮ್ ವುಲ್ಸ್ಟನ್‌ಹೋಮ್. 1915ರ ವಸಂತದಿಂದ ರೇಸಿನ ಮೈದಾನದ ಒಂದು ಭಾಗವನ್ನು ಬಳಸಲು ಅನುಮತಿ ದೊರೆತ ಮೇಲೆ ಅವರೆಲ್ಲ ಸೇರಿ ಒಂದು ಫುಟ್‌ಬಾಲ್ ಸಂಘವನ್ನೇ ಕಟ್ಟಿದರು. ಲಾಯಕ್ಕೊಂದು ತಂಡ, ಲೀಗ್, ಕಪ್, ರೆಫ್ರಿಗಳು ಎಲ್ಲವೂ ಆದವು. ನಲವತ್ತು ದಾಟಿದ ಬ್ಲೂಮರ್ ಅಲ್ಲಿಯೂ ಆಡಿದರು, ಕ್ರಿಕೆಟ್ ಆಡಿದರು, ಕಿರಿಯರಿಗೆ ಕಲಿಸಿದರು. ಮುಳ್ಳುತಂತಿಯ ಒಳಗೆ ಊಟಕ್ಕೆ ಕೊರತೆ, ಚಳಿ, ಮನೆಯ ಚಿಂತೆಗಳ ನಡುವೆ ಸಾವಿರಾರು ಗಂಡಸರು ಹುಚ್ಚು ಹಿಡಿಯದೆ ಉಳಿದದ್ದರಲ್ಲಿ ಆ ಲೀಗ್‌ನ ಪಾಲು ದೊಡ್ಡದೆಂದು ನಾನು ತಿಳಿದಿದ್ದೇನೆ. ಡರ್ಬಿಗಾಗಿ ಹೊಡೆದ 332 ಗೋಲುಗಳ ಪಕ್ಕದಲ್ಲಿ, ಯಾವ ದಾಖಲೆಗೂ ಸೇರದ ರೂಲೇಬೆನ್ನಿನ ಗೋಲುಗಳನ್ನೂ ಇಟ್ಟು ನೋಡಬೇಕು.

1918ರ ಮಾರ್ಚ್‌ನಲ್ಲಿ ಅವರನ್ನು ತಟಸ್ಥ ದೇಶವಾದ ನೆದರ್ಲೆಂಡ್ಸ್‌ಗೆ ಹೋಗಲು ಬಿಟ್ಟರು. ಅಲ್ಲಿ ಆಮ್‌ಸ್ಟರ್‌ಡ್ಯಾಮಿನ ಬ್ಲೌ-ವಿಟ್ ಕ್ಲಬ್ಬಿಗೆ ಕಲಿಸುತ್ತಾ ಯುದ್ಧ ಮುಗಿಯುವುದನ್ನು ಕಾದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿಯೇ ನಮ್ಮ ಮೈಸೂರು ಲ್ಯಾನ್ಸರ್ಸ್ ಅಶ್ವದಳವು ಹೈಫಾ ನಗರವನ್ನು ಗೆದ್ದದ್ದು. ನವೆಂಬರ್‌ನಲ್ಲಿ ಯುದ್ಧ ನಿಂತಾಗ ಬ್ಲೂಮರ್ ತಾಯ್ನಾಡಿಗೆ ಮರಳಿದರು.

ಪ್ರಶ್ನೆ: ಬ್ರೆಜಿಲ್‌ನ ಆರ್ತುರ್ ಫ್ರೀಡೆನ್‌ರೈಶ್ ಸಾವಿರಕ್ಕೂ ಹೆಚ್ಚು ಗೋಲು ಹೊಡೆದಿದ್ದಾರೆಂದು ಓದಿದ್ದೇನೆ. ಹಾಗಿದ್ದರೆ ಅವರೇ ದೊಡ್ಡವರಲ್ಲವೇ?
ಓದುಗರು, ನಂಜನಗೂಡು

ಉತ್ತರ: ಫ್ರೀಡೆನ್‌ರೈಶ್ (1892-1969) ಮಹಾನ್ ಆಟಗಾರರೆಂಬುದರಲ್ಲಿ ಸಂದೇಹವಿಲ್ಲ. ಜರ್ಮನ್ ಮೂಲದ ತಂದೆಗೂ ಕಪ್ಪು ಬ್ರೆಜಿಲಿಯನ್ ತಾಯಿಗೂ ಹುಟ್ಟಿ, ವರ್ಣಭೇದದ ನಡುವೆ ಬೆಳೆದು, 1919ರಲ್ಲಿ ಉರುಗ್ವೆ ವಿರುದ್ಧ ಗೆಲುವಿನ ಗೋಲು ಹೊಡೆದು ಬ್ರೆಜಿಲ್‌ಗೆ ದಕ್ಷಿಣ ಅಮೆರಿಕದ ಮೊದಲ ಪ್ರಶಸ್ತಿ ತಂದವರು ಅವರು. ಆದರೆ ಸಾವಿರದಾಚೆಗಿನ ಸಂಖ್ಯೆಗೆ ಪಂದ್ಯವಾರು ಆಧಾರವಿಲ್ಲದ್ದರಿಂದ ಅದನ್ನು ಇತಿಹಾಸಕಾರರು ಒಪ್ಪುವುದಿಲ್ಲ. ಬ್ಲೂಮರ್ ಅವರ ಲೀಗ್ ಗೋಲುಗಳಿಗೆ ದಿನಾಂಕ, ಊರು, ಎದುರಾಳಿ ಎಲ್ಲವೂ ದಾಖಲಾಗಿವೆ. ಇಬ್ಬರಲ್ಲಿ ಯಾರು ದೊಡ್ಡವರೆಂದು ಹೇಳುವ ಇಚ್ಛೆ ನನಗಿಲ್ಲ. ಆಧಾರವಿರುವ ಲೆಕ್ಕವನ್ನು ಆಧಾರವಿಲ್ಲದ ಲೆಕ್ಕದೊಡನೆ ಹೋಲಿಸಬಾರದು.

ಪ್ರಶ್ನೆ: ಡರ್ಬಿ ಫುಟ್‌ಬಾಲ್ ಕ್ಲಬ್ಬಿನ ಹಳೆಯ ಮೈದಾನಕ್ಕೆ ಬೇಸ್‌ಬಾಲ್ ಗ್ರೌಂಡ್ ಎಂಬ ಹೆಸರೇಕೆ?
ಪಿಯುಸಿ ವಿದ್ಯಾರ್ಥಿ, ಮದ್ದೂರು

ಉತ್ತರ: ಡರ್ಬಿಯ ಎರಕದ ಕಾರ್ಖಾನೆಯ ಒಡೆಯ ಫ್ರಾನ್ಸಿಸ್ ಲೇ ಅಮೆರಿಕದಲ್ಲಿ ಬೇಸ್‌ಬಾಲ್ ಕಂಡು ಮೆಚ್ಚಿ, ತನ್ನ ನೌಕರರಿಗಾಗಿ ಆ ಮೈದಾನ ಮಾಡಿಸಿದ್ದ. 1895ರಲ್ಲಿ ಡರ್ಬಿ ಕೌಂಟಿ ಅಲ್ಲಿಗೆ ಬಂದು 1997ರವರೆಗೂ ಅಲ್ಲಿಯೇ ಆಡಿತು. ಬ್ಲೂಮರ್ ಬೇಸಿಗೆಯಲ್ಲಿ ಬೇಸ್‌ಬಾಲ್ ಕೂಡ ಆಡುತ್ತಿದ್ದರು. 1890ರ ದಶಕದಲ್ಲಿ ಇಂಗ್ಲೆಂಡಿನ ಬೇಸ್‌ಬಾಲ್ ಚಾಂಪಿಯನ್ ಆದ ಡರ್ಬಿ ತಂಡದಲ್ಲಿ ಅವರಿದ್ದರು. ಕಪ್ ಎತ್ತುವ ಭಾಗ್ಯ ಆ ಆಟದಲ್ಲಾದರೂ ಅವರಿಗೆ ಸಿಕ್ಕಿತು.

ಪ್ರಶ್ನೆ: ಅವರ ಕೊನೆಯ ದಿನಗಳು ಹೇಗಿದ್ದವು? ಅವರ ದಾಖಲೆಗಳನ್ನು ಯಾರು ಮುರಿದರು? ನಮ್ಮ ಕಡೆಯ ಹಳೆಯ ಫಾರ್ವರ್ಡ್‌ಗಳನ್ನೂ ಜೊತೆಗೆ ನೆನೆಯಬಾರದೇ?
ಓದುಗರು, ಪಾಂಡವಪುರ

ಉತ್ತರ: ಮೊದಲು ನಮ್ಮ ಕಡೆಯ ಮಾತು. ಹಳೆಯ ಮೈಸೂರು ರಾಜ್ಯದ ತಂಡವು ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಸ್ಪರ್ಧೆಯಾದ ಸಂತೋಷ್ ಟ್ರೋಫಿಯನ್ನು 1946-47, 1952-53, 1967-68, 1968-69ರಲ್ಲಿ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ 2-1ರಿಂದ ಸೋತ ಭಾರತದ ಏಕೈಕ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಆ ತಂಡದ ಹೆಚ್ಚಿನವರು ಬರಿಗಾಲಿನಲ್ಲಿಯೇ ಆಡಿದ್ದರು. ಕರ್ನಾಟಕವು ಪುನಃ ಸಂತೋಷ್ ಟ್ರೋಫಿ ಗೆಲ್ಲಲು 2023ರವರೆಗೆ ಕಾಯಬೇಕಾಯಿತು. ರಾಮನ್, ಅಹ್ಮದ್ ಖಾನ್, ಬಷೀರ್ ಅವರಂಥವರ ಕ್ಲಬ್ ಪಂದ್ಯಗಳ ಗೋಲುಗಳನ್ನು ಯಾರಾದರೂ ಹಳೆಯ ಪತ್ರಿಕೆಗಳಿಂದ ಹೆಕ್ಕಿ ಪಟ್ಟಿ ಮಾಡಬೇಕು. ಡರ್ಬಿಯವರು ತಮ್ಮ ಆಟಗಾರನಿಗಾಗಿ ಮಾಡಿದ ಕೆಲಸ ಅದು, ನಾವು ಇನ್ನೂ ಮಾಡಬೇಕಾದದ್ದೂ ಅದೇ.

ಯುದ್ಧದ ನಂತರ ಬ್ಲೂಮರ್ ತರಬೇತುದಾರರಾಗಿ ಸ್ಪೇನಿಗೆ ಹೋದರು. ಅವರ ಕೈಕೆಳಗೆ ಇರೂನ್ ಎಂಬ ಗಡಿಪಟ್ಟಣದ ರೇಯಲ್ ಯೂನಿಯನ್ ತಂಡವು 1924ರ ಸ್ಪ್ಯಾನಿಷ್ ಕಪ್ ಫೈನಲ್‌ನಲ್ಲಿ ರೇಯಲ್ ಮ್ಯಾಡ್ರಿಡ್ ತಂಡವನ್ನು 1-0ಯಿಂದ ಸೋಲಿಸಿತು. ಆಟಗಾರನಾಗಿ ಮೂರು ಸಲ ಕೈತಪ್ಪಿದ ದೇಶದ ಕಪ್, ಪರದೇಶದಲ್ಲಿ ಗುರುವಾಗಿ ಸಿಕ್ಕಿತು. ಲಾಯದ ಸಂಗಾತಿ ಪೆಂಟ್‌ಲ್ಯಾಂಡ್ ಕೂಡ ಸ್ಪೇನಿನಲ್ಲಿಯೇ ಬಿಲ್ಬಾವೊ ಕ್ಲಬ್ಬಿನ ಗುರುವಾಗಿ ಬಹಳ ದೊಡ್ಡ ಹೆಸರು ಮಾಡಿದರು.

ಕೊನೆಗೆ ಬ್ಲೂಮರ್ ಡರ್ಬಿಗೇ ಬಂದು, ತಾವು ಆಡಿದ ಮೈದಾನದ ನಿರ್ವಹಣೆಯ ಕೆಲಸದಲ್ಲಿದ್ದರು. ಊರಿನ ಪತ್ರಿಕೆಗೆ ಆಟದ ಬಗ್ಗೆ ಬರೆಯುತ್ತಿದ್ದರು. ಆರೋಗ್ಯ ಕೆಟ್ಟಾಗ ಅಭಿಮಾನಿಗಳು ಹಣ ಕೂಡಿಸಿ, ಸಮುದ್ರದ ಗಾಳಿಯಿಂದ ಚೇತರಿಸಿಕೊಳ್ಳಲೆಂದು ಅವರನ್ನು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗೆ ಹಡಗಿನಲ್ಲಿ ಕಳುಹಿಸಿದರು. ಮರಳಿ ಬಂದ ಕೆಲವೇ ವಾರಗಳಲ್ಲಿ, 1938ರ ಏಪ್ರಿಲ್ 16ರಂದು ತೀರಿಕೊಂಡರು. ನಾಟಿಂಗ್‌ಹ್ಯಾಮ್ ವಿರುದ್ಧದ ಆ ಕಪ್ ಫೈನಲ್ ನಡೆದು ಅಂದಿಗೆ ಸರಿಯಾಗಿ 40 ವರ್ಷ.

ದಾಖಲೆಗಳ ವಿಷಯಕ್ಕೆ ಬಂದರೆ, ಇಂಗ್ಲೆಂಡ್ ಪರ 28 ಗೋಲುಗಳ ದಾಖಲೆಯನ್ನು 1911ರಲ್ಲಿ ವಿವಿಯನ್ ವುಡ್ವರ್ಡ್ ಒಂದೇ ಗೋಲಿನಿಂದ ದಾಟಿದರು, ಅಷ್ಟೇ 23 ಪಂದ್ಯಗಳಲ್ಲಿ. 352 ಲೀಗ್ ಗೋಲುಗಳ ಗಡಿಯನ್ನು ಡಿಕ್ಸಿ ಡೀನ್ 1936ರಲ್ಲಿ ಮೀರಿದರು. ಮೊದಲ ವಿಭಾಗದ ಗೋಲುಗಳನ್ನಷ್ಟೇ ಎಣಿಸಿದರೆ ಬ್ಲೂಮರ್ ಅವರನ್ನು ಈವರೆಗೆ ಹಿಂದಿಕ್ಕಿದವರು ಜಿಮ್ಮಿ ಗ್ರೀವ್ಸ್ ಒಬ್ಬರೇ. ಡರ್ಬಿ ಕ್ಲಬ್ಬಿನ 332 ಗೋಲುಗಳ ದಾಖಲೆ ಇಂದಿಗೂ ಅವರದೇ. 2009ರಲ್ಲಿ ಆ ಕ್ಲಬ್ಬಿನ ಹೊಸ ಕ್ರೀಡಾಂಗಣದಲ್ಲಿ ಅವರ ಎದೆಮಟ್ಟದ ಪ್ರತಿಮೆಯನ್ನು ಸ್ಥಾಪಿಸಲಾಗಿದೆ.